ಎಲ್ಲರೂ ನಿಲ್ಲಿಸಿದ ಮೇಲಿನ ಕೂಗು

ಈ ಸಂಗತಿಯನ್ನು ಮೊದಲು ಹೇಳಿದವರು ಕೋತಗಿರಿಯ ಗುರುಮೂರ್ತಿ. ೨೦೦೪ರ ಜನವರಿ ಹನ್ನೊಂದರ ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ. ಅವರ ಅಜ್ಜ ಗುಂಡ್ಲುಪೇಟೆಯ ಕಡೆಯಿಂದ ರಾಗಿ, ಬೆಲ್ಲ ಮಾರುತ್ತ ಬೆಟ್ಟ ಹತ್ತಿದವರು. ಮೊಮ್ಮಗ ಬಸ್ ನಿಲ್ದಾಣದ ಮೇಲಿನ ಓಣಿಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದರು. ಮರುವರ್ಷ ಇದೇ ಸಂಗತಿಯನ್ನು, ಅದರಲ್ಲಿ ಪಾಲುಗೊಂಡಿದ್ದ ಮಹಾಲಿಂಗಂ ಅವರ ಬಾಯಿಂದಲೂ ಕೇಳಿದೆ. ಇಬ್ಬರ ಹೇಳಿಕೆಗಳು ಎರಡು ಕಡೆ ಬೇರೆಯಾಗುತ್ತವೆ, ಅಲ್ಲಲ್ಲಿಯೇ ಸೂಚಿಸಿದ್ದೇನೆ. ಇದು ನಡೆದದ್ದು ಅಲ್ಲಿಗೆ ಹತ್ತಿರದ, ಬಡಗ ಜನರ ಒಂದು ಹಟ್ಟಿಯಲ್ಲಿ, ಎಂದರೆ ಹಳ್ಳಿಯಲ್ಲಿ. ಹಟ್ಟಿಯವರ ಮಾತೂ ಬಡಗ. ಓದುಗರಿಗೆ ತೊಡಕಾಗದಂತೆ ಅದನ್ನು ಕನ್ನಡಕ್ಕೆ ಹತ್ತಿರ ತಂದಿದ್ದೇನೆ. ಹಟ್ಟಿಯ ಹೆಸರನ್ನು ಬರೆಯಬಾರದೆಂದು ಇಬ್ಬರೂ ಕೇಳಿಕೊಂಡರು.

ಮಹಾಲಿಂಗಂ ಅರವಂಕಾಡಿನ ಸಿಡಿಮದ್ದಿನ ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತರಾಗಿದ್ದು ೧೯೯೫ರಲ್ಲಿ ನಿವೃತ್ತರಾದವರು. ಹೆಂಡತಿ ಅದಕ್ಕೆ ಮೊದಲೇ ತೀರಿಕೊಂಡಿದ್ದರು. ಪ್ರತಿ ಶನಿವಾರ ಹತ್ತರ ಬಸ್ಸಿಗೆ ಹಟ್ಟಿಯಿಂದ ಬಂದು, ಅಂಗಡಿಯ ಒಳಕೋಣೆಯಲ್ಲಿ ಕೂತು, ಮೂರರ ಬಸ್ಸಿಗೆ ಹಿಂದಿರುಗುತ್ತಿದ್ದರು. ಚೀಲದಲ್ಲಿ ಎರಡು ಮೂರು ಕ್ಯಾಸೆಟ್ ಇರುತ್ತಿದ್ದವು. ಎಲ್ಲವೂ ಅರವತ್ತು, ಎಪ್ಪತ್ತರ ದಶಕದ ಇಂಗ್ಲಿಷ್ ರಾಕ್ ತಂಡಗಳವು. ಎಲ್ಲವೂ ಸಾವಿರಾರು ಜನರ ಮುಂದೆ ನುಡಿಸುವಾಗಲೇ ಮುದ್ರಿಸಿಕೊಂಡವು. ಸ್ಟುಡಿಯೋದಲ್ಲಿ ಹಾಡಿದ ಒಂದನ್ನೂ ಅವರು ಇಟ್ಟುಕೊಂಡಿರಲಿಲ್ಲ. ಟೀ ತೋಟದ ಬಂಗಲೆಗಳು ಕೈ ಬದಲಾಯಿಸುವಾಗ ಉಳಿದುಹೋದ ರೆಕಾರ್ಡುಗಳಿಂದ ಪ್ರತಿ ಮಾಡಿಸಿಕೊಂಡವು ಹೆಚ್ಚು, ಒಟ್ಟು ನಲವತ್ತಮೂರು. ಎಷ್ಟೋ ವರ್ಷದಿಂದ ಕೇಳಿದ್ದನ್ನೇ ನಿವೃತ್ತಿಯ ಮೇಲೆ ಮೊದಲನೆಯದರಿಂದ, ಒಂದೊಂದನ್ನೂ ಹಲವು ವಾರ, ಮತ್ತೆ ಕೇಳತೊಡಗಿದ್ದರು.

"ಆಫೀಸಿಗೆ ಹೋದಂಗೆ ಬರೋರು," ಎಂದರು ಗುರುಮೂರ್ತಿ. "ತಾಳ ಹಾಕಿದ್ದು ನಾನು ಕಾಣೆ. ಕಾಲಿನ ಬೆರಳೂ ಅಲ್ಲಾಡ್ತಿರಲಿಲ್ಲ. ಒಂದಿನ ಕೇಳೇಬಿಟ್ಟೆ, ಏನಣ್ಣ, ಇದ್ರಲ್ಲಿ ಹಾಡಿಗಿಂತ ಚಪ್ಪಾಳೆನೇ ಜಾಸ್ತಿ ಐತಲ್ಲ ಅಂತ. 'ಹಾಡು ಎಲ್ಲ ಅಂಗಡೀಲೂ ಸಿಕ್ಕುತ್ತೆ ಗುರು, ಜನ ಸಿಕ್ಕಲ್ಲ' ಅಂದ್ರು. ಜನ ಬೇಕಾದ್ರೆ ಕೆಳಗೆ ಬಸ್‌ಸ್ಟ್ಯಾಂಡಲ್ಲಿ ನಿಂತ್ಕೊಳ್ಳಿ, ಟಿಕೀಟೂ ಬೇಡ ಅಂದೆ. 'ಅಲ್ಲಿ ಯಾರೂ ಚಪ್ಪಾಳೆ ತಟ್ಟಲ್ಲ' ಅಂದ್ರು. ನಗಲಿಲ್ಲ."

೧೯೯೭ರ ನವೆಂಬರಿನಲ್ಲಿ ಗುರುಮೂರ್ತಿ ಒಂದು ಬಂಗಲೆಯ ಹರಾಜಿನಲ್ಲಿ ದಪ್ಪನೆಯ ಹಳೆಯ ಹೆಡ್‌ಫೋನು ತಂದಿದ್ದರು. ಆ ಶನಿವಾರ ಮಹಾಲಿಂಗಂ ಅದನ್ನು ಹಾಕಿಕೊಂಡು ಇಪ್ಪತ್ತಾರನೆಯ ಕ್ಯಾಸೆಟ್ ಕೇಳಿದರು. ತಂಡದ ಹೆಸರು ಈ ಸಂಗತಿಗೆ ಬೇಕಿಲ್ಲವಾದ್ದರಿಂದ ಇಲ್ಲಿ ಬಿಟ್ಟಿದ್ದೇನೆ. ಹೊದಿಕೆಯ ಮೇಲೆ ಮಹಾಲಿಂಗಂ ಅವರ ಕೈಬರಹದಲ್ಲಿ, ಮೂಲ ರೆಕಾರ್ಡಿನಿಂದ ನಕಲು ಮಾಡಿದ ಒಂದೇ ಸಾಲಿದೆ: ಲಂಡನ್, ಜೂನ್ ೧೯೭೬.

ಎರಡನೆಯ ಬದಿಯಲ್ಲಿ ಮೂರನೆಯ ಹಾಡು ಮುಗಿಯುತ್ತದೆ. ಚಪ್ಪಾಳೆ ಏಳುತ್ತದೆ, ಇಳಿಯುತ್ತದೆ. ವೇದಿಕೆಯ ಮೇಲೆ ಯಾರೋ ಗಿಟಾರಿನ ತಂತಿ ಬಿಗಿಯುತ್ತಾರೆ. ಡ್ರಮ್ಮಿನವನು ಇನ್ನೇನು ಕೋಲು ಬೀಸಬೇಕು, ಅಷ್ಟರಲ್ಲಿ ಎಡಗಡೆಯಿಂದ, ಬಹಳ ದೂರದಿಂದ, ಒಬ್ಬನೇ ಒಬ್ಬ ಕೂಗುತ್ತಾನೆ: "ಹೌ... ಹೌ ಹೌ!"

ಅದು ಬಡಗರು ಕುಣಿಯುವಾಗ ಹಾಕುವ ಕೂಗು. ವೃತ್ತದಲ್ಲಿ ಕುಣಿಯುವವರೆಲ್ಲ ಒಟ್ಟಿಗೆ ಕೂಗಿ ಒಟ್ಟಿಗೆ ನಿಲ್ಲಿಸಬೇಕೆಂಬುದು ಕ್ರಮ. ಸಣ್ಣ ಟೇಪ್‌ರೆಕಾರ್ಡರಿನಲ್ಲಿ ಹತ್ತು ವರ್ಷ ಕೇಳಿದಾಗಲೂ ಅದು ಚಪ್ಪಾಳೆಯ ಬಾಲದಲ್ಲಿ ಮುಚ್ಚಿಹೋಗಿತ್ತು.

ಮಹಾಲಿಂಗಂ ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದರು. ಹನ್ನೊಂದು ಸಲ ಕೇಳಿದರೆಂದು ಗುರುಮೂರ್ತಿ. ನಾಲ್ಕೇ ಸಲವೆಂದು ಮಹಾಲಿಂಗಂ. ಆಮೇಲೆ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟು, "ಇದು ನಮ್ಮ ಭೀಮ," ಎಂದರು. ಅಂದು ಮೂರರ ಬಸ್ಸು ತಪ್ಪಿತು.

ಭೀಮ ಅದೇ ಹಟ್ಟಿಯವನು, ಮಹಾಲಿಂಗಂ ಅವರ ಓರಗೆಯವನು. ತೋಟದ ದೊರೆಯ ಬಂಗಲೆಯಲ್ಲಿ ಅಡುಗೆಯವನಾಗಿದ್ದ. ದೊರೆಯ ಮಗ ರಜೆಗೆ ಬಂದಾಗ ಹಾಕುತ್ತಿದ್ದ ರೆಕಾರ್ಡುಗಳನ್ನು ಇಬ್ಬರೂ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದರು. ೧೯೭೦ರಲ್ಲಿ, ಹೆಂಡತಿ ಮಾದಿಯನ್ನು ಹಟ್ಟಿಯಲ್ಲಿ ಬಿಟ್ಟು, ದೊರೆಯ ಶಿಫಾರಸಿನಿಂದ ಭೀಮ ಸರಕು ಹಡಗೊಂದಕ್ಕೆ ಅಡುಗೆಯವನಾಗಿ ಸೇರಿದ. ಎರಡು ವರ್ಷ ಕಾಗದ ಬಂತು. ೧೯೭೩ರ ಫೆಬ್ರವರಿಯಲ್ಲಿ ಬಂದದ್ದು ಕಂಪೆನಿಯ ಕಾಗದ: ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗಿತು, ಯಾರೂ ಉಳಿದಿಲ್ಲ. ಹಟ್ಟಿಯವರು ಹೆಣವಿಲ್ಲದೆಯೇ ಸಾವಿನ ಕ್ರಮಗಳನ್ನು ನಡೆಸಿದರು. ಮರುವರ್ಷ ಮಾದಿ, ಭೀಮನ ತಮ್ಮ ನಂಜನನ್ನು ಮದುವೆಯಾದಳು. ಅವರಿಗೆ ಎರಡು ಎಕರೆ ಟೀ, ಇಬ್ಬರು ಮಕ್ಕಳು.

ಈಗ ಆ ಕೂಗು ಭೀಮನದೇ ಆದರೆ, ಹಡಗು ಮುಳುಗುವ ಮೊದಲೇ ಅವನು ಯಾವುದೋ ಬಂದರಿನಲ್ಲಿ ಇಳಿದಿದ್ದ. ಸಾವು ನಡೆಸಿದ ದಿನವೂ, ಮದುವೆಯ ದಿನವೂ ಬದುಕಿದ್ದ. ಆ ಹಟ್ಟಿಯ ಕಟ್ಟಳೆ ಸ್ಪಷ್ಟವಾಗಿತ್ತು. ವಿಧವೆ ಮೈದುನನನ್ನು ಮದುವೆಯಾಗಬಹುದು. ಗಂಡ ಬದುಕಿರುವವಳು ಇನ್ನೊಬ್ಬನನ್ನು ಮದುವೆಯಾಗಬೇಕಾದರೆ, "ಬಿಟ್ಟೆ" ಎಂಬುದನ್ನು ಗಂಡನ ಬಾಯಿಂದಲೇ ಹಿರಿಯರು ಕೇಳಿರಬೇಕು. ಕೇಳದೆ ಹೂಡಿದ ಒಲೆ ಒಲೆಯಲ್ಲ. ಅದನ್ನು ಬೇರೆ ಮಾಡಿಸಬೇಕು, ಎಂದರೆ ಇಬ್ಬರನ್ನೂ ಬೇರೆ ಬೇರೆ ಮನೆಯಲ್ಲಿ ಇರಿಸಬೇಕು.

ಒಂದು ವಾರ ಮಹಾಲಿಂಗಂ ಹಟ್ಟಿಯಲ್ಲಿ ಯಾರಿಗೂ ಹೇಳಲಿಲ್ಲ. ಮುಂದಿನ ಶನಿವಾರ ಗುರುಮೂರ್ತಿ, "ಅಳಿಸಿಬಿಡ್ಲಾ ಅಣ್ಣ? ಎರಡು ಸೆಕೆಂಡಿನ ಕೆಲಸ," ಎಂದರು. "ನನಗೊಬ್ಬನಿಗೇ ಗೊತ್ತಿದ್ದರೆ ಅದು ಕಳ್ಳತನ ಆಗುತ್ತೆ," ಎಂದರು ಮಹಾಲಿಂಗಂ. ಅದೇ ಸಂಜೆ ನಂಜನಿಗೆ ಹೇಳಿದರು. ನಂಜ ಹಟ್ಟಿಯ ಹಿರಿಯ ಕಾಳ ಗೌಡರಿಗೆ ಹೇಳಿದ. ಗೌಡರು ಭಾನುವಾರ ಹತ್ತು ಗಂಟೆಗೆ ನಂಜನ ಮನೆಯ ಮುಂಗೋಣೆಯಲ್ಲಿ ಸೇರಬೇಕೆಂದರು. ಟೇಪ್‌ರೆಕಾರ್ಡರ್, ಹೆಡ್‌ಫೋನು ಹೊತ್ತು ಗುರುಮೂರ್ತಿಯೂ ಹೋದರು.

ಗೌಡರೂ ಸೇರಿ ಹಿರಿಯರು ಏಳು ಜನ. ಹೆಡ್‌ಫೋನು ಒಂದೇ. ಒಬ್ಬರು ಕೇಳುವಾಗ ಉಳಿದವರಿಗೆ ಏನೂ ಕೇಳಿಸದು. ಕೇಳುವವರ ಮುಖವನ್ನಷ್ಟೇ ನೋಡುತ್ತ ಕೂರಬೇಕು. ಮೊದಲು ಕಾಳ ಗೌಡರು, ಮಂಡೆಯ ರುಮಾಲನ್ನು ತೆಗೆಯಲು ಒಪ್ಪದೆ, ಅದರ ಮೇಲೆಯೇ ಹಾಕಿಸಿಕೊಂಡರು.

"ಇದೇನ ಪಾಟು? ತಗಡು ಬಡಿದ ಹಾಗಿದೆ."

"ಕೇಳ್ಬೇಕಾದ್ದು ಹಾಡಲ್ಲ ಗೌಡ್ರೆ, ಹಾಡು ಮುಗಿದ ಮೇಲೆ ಕೂಗು ಬರುತ್ತೆ. ರುಮಾಲು ತೆಗೀಬೇಕು, ಕಿವಿಗೆ ಕೂರಲ್ಲ," ಎಂದರು ಗುರುಮೂರ್ತಿ.

"ಎಂಬತ್ತು ವರ್ಷ ರುಮಾಲಲ್ಲೇ ಕೇಳಿದ್ದೇನೆ. ನಿನ್ನ ಯಂತ್ರಕ್ಕೆ ತೆಗೆಯಲ?"

ಗೌಡರಿಗೆ ಏನೂ ಕೇಳಿಸಲಿಲ್ಲ. ಉಳಿದವರು ಒಬ್ಬೊಬ್ಬರಾಗಿ ಕೇಳಿದರು. ಕೂಗು ನಮ್ಮವರದೇ ಎಂದು ಎಲ್ಲರೂ ಒಪ್ಪಿದರು. ಯಾರದೆಂದು ಯಾರೂ ಹೇಳಲಿಲ್ಲ. "ಬೇರೆ ಹಟ್ಟಿಯವನು ಯಾಕಾಗಬಾರದು? ಲಂಡನ್ನು ಏನು ನಮ್ಮ ಹಟ್ಟಿಗೆ ಬರೆದುಕೊಟ್ಟದ್ದ?" ಎಂದ ಒಬ್ಬ. ಒಂದಿಬ್ಬರು ನಕ್ಕರು. ಮಹಾಲಿಂಗಂ ಆಗ ಹೇಳಿದರು:

"ಎಲ್ಲರೂ ನಿಲ್ಲಿಸಿದ ಮೇಲೆ ಒಂದು ಹೆಚ್ಚಿಗೆ ಕೂಗೋನು ಯಾರು? ಕುಣಿತದಲ್ಲಿ ಗೌಡರ ಕೈಲಿ ಬೈಸಿಕೊಳ್ಳೋನು ಯಾರು?"

ಭೀಮನಿಗೆ ಆ ಚಾಳಿಯಿತ್ತು. ಜನರ ಸದ್ದು ಪೂರ್ತಿ ಇಳಿದ ಮೇಲೆ, ಬೇಕೆಂದೇ, ಒಬ್ಬನೇ ಕೂಗುತ್ತಿದ್ದ. ಗೌಡರು ಕೋಲೆತ್ತುವವರೆಗೂ ಕೂಗುತ್ತಿದ್ದ.

ನಂಜ ಕೇಳಿದ. ಕುಣಿತದಲ್ಲಿ ಅಣ್ಣನ ಪಕ್ಕದಲ್ಲೇ ಹೆಜ್ಜೆ ಹಾಕುತ್ತಿದ್ದವನು ಅವನು. ಹೆಡ್‌ಫೋನು ತೆಗೆದು, "ನನಗೆ ಗೊತ್ತಾಗಲಿಲ್ಲ," ಎಂದ.

ಕೊನೆಗೆ ಮಾದಿಯನ್ನು ಕರೆದರು. ಆಕೆ ಒಳಗೆ ಎಲ್ಲರಿಗೂ ಕಾಫಿ ಸೋಸುತ್ತಿದ್ದಳು. ಕೈ ಒರೆಸಿಕೊಂಡು ಬಂದು, ತಲೆಯ ವಸ್ತ್ರವನ್ನು ಕಿವಿಯ ಹಿಂದಕ್ಕೆ ಸರಿಸಿ, ನೆಲದ ಮೇಲೆ ಕೂತಳು. ಗುರುಮೂರ್ತಿ ಗುಂಡಿ ಒತ್ತಿದರು. ಕೇಳಿದಳು. ಇನ್ನೊಂದು ಸಲ ಎಂದು ಬೆರಳೆತ್ತಿದಳು. ಮತ್ತೊಂದು ಸಲ ಎತ್ತಿದಳು. ಆಗ ಆಕೆಯ ಕಣ್ಣಲ್ಲಿ ನೀರಿರಲಿಲ್ಲವೆಂದು ಗುರುಮೂರ್ತಿ ಹೇಳುತ್ತಾರೆ. ತಾವು ಆ ಕಡೆ ನೋಡಲೇ ಇಲ್ಲವೆಂದು ಮಹಾಲಿಂಗಂ ಹೇಳುತ್ತಾರೆ.

"ಅವನೇ," ಎಂದಳು ಮಾದಿ.

"ಯೋಚಿಸಿ ಹೇಳು ಮಾದಿ," ಎಂದರು ಗೌಡರು. "ಅಲ್ಲ ಅಂದರೆ ಯಾಕೆ ಅಂತ ಕೇಳುವವರಿಲ್ಲ. ಹೌದು ಅಂದರೆ ನಾನು ಒಲೆ ಬೇರೆ ಮಾಡಿಸಬೇಕು. ಮಾಡಿಸೋದಕ್ಕೆ ನನಗೇನು ಆಸೆಯ?"

"ಅವನೇ ಮಾಮ. ಇವನಿಗೂ ಗೊತ್ತಾಯಿತು," ಎಂದು ನಂಜನ ಕಡೆ ತಿರುಗದೆಯೇ ಹೇಳಿದಳು. "ಅವನು ಸತ್ತ ಅಂತ ಒಂದು ಸಲ ಗೊತ್ತಿಲ್ಲದೆ ಅತ್ತೆ. ಗೊತ್ತಿಲ್ಲದೆ ಇನ್ನೊಂದು ಸಲ ಯಾವುದೂ ಬೇಡ."

ನಂಜ ತಲೆ ತಗ್ಗಿಸಿದ. "ಗೊತ್ತಾಯಿತು," ಎಂದ. "ನಾನು ಇವತ್ತೇ ಕೊಟ್ಟಿಗೆ ಮನೆಗೆ ಹೋಗುತ್ತೇನೆ. ಅಣ್ಣನ ಮನೆ ಇದು."

"ನೀ ಕೂರು," ಎಂದಳು ಮಾದಿ. ಆಮೇಲೆ ಗೌಡರಿಗೆ, ಅದೇ ದನಿಯಲ್ಲಿ: "ಗಂಡನ ಬಾಯಿಂದ ಕೇಳಬೇಕು ಅಂತ ಅಲ್ಲವ ಕಟ್ಟಳೆ? ಕೇಳು ಮಾಮ. ಬಾಯಿಂದಲೇ ಇದೆ."

"ಅವನು 'ಬಿಟ್ಟೆ' ಅನ್ನಲಿಲ್ಲವಲ್ಲ. ಹೌ ಹೌ ಅಂದ."

"ಹಡಗು ಮುಳುಗಿ ಮೂರು ವರ್ಷ ಆಗಿತ್ತು. ಒಂದು ಕಾಗದ ಬರೆಯಲಿಲ್ಲ. ಊರಲ್ಲಿ ಹೆಂಡತಿ ಇದ್ದಾಳೆ ಅನ್ನೋನು ಹಾಗೆ ಕೂಗುತ್ತಾನ? ನೀ ಇನ್ನೂ ಕೇಳಿಲ್ಲ. ಕೇಳಿ ಹೇಳು, ಅದರಲ್ಲಿ ನಾನು ಎಲ್ಲಾದರೂ ಇದ್ದೇನ ಅಂತ. ಇದ್ದರೆ ಒಲೆ ಬೇರೆ ಮಾಡು."

ಕಾಳ ಗೌಡರು ರುಮಾಲು ಬಿಚ್ಚಿ ಮಡಿಲಲ್ಲಿಟ್ಟುಕೊಂಡರು. ಅವರ ಬರಿಯ ತಲೆಯನ್ನು ಅಲ್ಲಿದ್ದ ಹೆಚ್ಚಿನವರು ಅದೇ ಮೊದಲು ನೋಡಿದ್ದು. ಗುರುಮೂರ್ತಿ ಹೆಡ್‌ಫೋನು ಹಾಕಿ ಗುಂಡಿ ಒತ್ತಿದರು. ಹಾಡಿನ ಕೊನೆ, ಚಪ್ಪಾಳೆ, ತಂತಿಯ ಸದ್ದು, ಎಲ್ಲ ಮುಗಿಯುವಷ್ಟು ಹೊತ್ತಾಯಿತು. ಗೌಡರ ಬಲಗೈ, ಕೋಲು ಎತ್ತುವಂತೆ, ಮೊಣಕಾಲಿನಿಂದ ಒಂದು ಗೇಣು ಮೇಲಕ್ಕೆ ಬಂದು ನಿಂತಿತು. ಹಾಗೇ ಕೆಳಗಿಳಿಯಿತು.

"ಇಲ್ಲ," ಎಂದರು. "ನೀ ಅದರಲ್ಲಿ ಇಲ್ಲ. ನಾವು ಯಾರೂ ಇಲ್ಲ."

"ಹಾಗಾದರೆ?"

"ಬಿಟ್ಟಿದ್ದಾನೆ. ಹಿರಿಯರು ಕೇಳಿದ್ದೇವೆ." ಆಮೇಲೆ ಬೆರಳು ಮಡಿಸಿದರು. "ಆದರೆ ಮದುವೆ ಎಪ್ಪತ್ತನಾಲ್ಕು. ಕೂಗು ಎಪ್ಪತ್ತಾರು. ನಡುವೆ ಎರಡು ವರ್ಷ ಲೆಕ್ಕಕ್ಕೆ ಬರಲ್ಲ."

"ಆ ಎರಡು ವರ್ಷ ನನ್ನ ತಲೆಯ ಮೇಲಿರಲಿ ಮಾಮ. ಅಲ್ಲಿ ಇಂಥವು ಇನ್ನೂ ಎಷ್ಟೋ ಇವೆ."

ಹಿರಿಯರಲ್ಲಿ ಒಬ್ಬ, ಆ ಭೀಮ ಈಗ ಎಲ್ಲಿರಬಹುದು, ಯಾರಿಗಾದರೂ ಬರೆದು ವಿಚಾರಿಸೋಣವೆ ಎಂದ. ಮಹಾಲಿಂಗಂ ಮಾದಿಯ ಕಡೆ ನೋಡಿದರು. ಮಾದಿ ಲೋಟಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದಳು. ಆ ಮಾತು ಅಲ್ಲಿಗೇ ನಿಂತಿತು. ಯಾರೂ ಬರೆಯಲಿಲ್ಲವೆಂಬುದನ್ನು ಮಹಾಲಿಂಗಂ ಅವರಿಂದ ಖಚಿತಪಡಿಸಿಕೊಂಡಿದ್ದೇನೆ. ಉಳಿದ ಹದಿನೇಳು ಕ್ಯಾಸೆಟ್‌ಗಳನ್ನು ಮುಂದಿನ ಶನಿವಾರಗಳಲ್ಲಿ ಅವರು ಕ್ರಮವಾಗಿ ಕೇಳಿ ಮುಗಿಸಿದರು. ಅವುಗಳಲ್ಲಿ ಹೇಳುವಂಥದ್ದೇನೂ ಇರಲಿಲ್ಲ ಎಂದರು.

ಗೌಡರು ರುಮಾಲು ಸುತ್ತಿಕೊಳ್ಳಲು ಹೊತ್ತು ಹಿಡಿಯಿತು; ನಂಜ ಎದ್ದು ಒಂದು ತುದಿ ಹಿಡಿದುಕೊಂಡ. ಗುರುಮೂರ್ತಿ ತಂತಿಯನ್ನು ಸುರುಳಿ ಸುತ್ತಿ ಚೀಲಕ್ಕೆ ಹಾಕಿದರು. ಹಿರಿಯರು ಮೊಣಕಾಲಿಗೆ ಕೈಯೂರಿ ಒಬ್ಬೊಬ್ಬರಾಗಿ ಎದ್ದರು, ಹೊಸಿಲಿನ ಆಚೆ ಚಪ್ಪಲಿ ಹುಡುಕಿಕೊಂಡರು, ತಮ್ಮ ತಮ್ಮ ಮನೆಗೆ ಹೋದರು.