ಸ್ಪೀಕರಿನೊಳಗಿನ ಗುಂಯ್

“ಇನ್ನೊಂದು ಸಲ ಆ ಮೆಶಿನ್ ಸ್ವಿಚ್ ಮುಟ್ಟಿದ್ರೆ ಕೈ ಮುರಿದು ಹಾಕ್ತೀನಿ,” ಎಂದ ಅಣ್ಣ.

“ಮುರೀರಿ. ಮುರಿದ ಕೈಯಲ್ಲೇ ಮೊದಲು ನಿಮ್ಮ ಬಾಯಿಗೆ ಹೊಲಿಗೆ ಹಾಕ್ತೀನಿ,” ಎಂದಳು ಅತ್ತಿಗೆ.

ಟೈರ್ ಅಂಗಡಿಯಿಂದ ಊಟಕ್ಕೆ ಬಂದವನು ನಾನು. ಕೈಗೆ ಮೆತ್ತಿದ್ದ ಮಸಿ ತೊಳೆಯುವುದಕ್ಕೂ ಬಿಡುವಾಗದೆ ಇವರಿಬ್ಬರ ನಡುವೆ ನಿಂತೆ. ಅಣ್ಣ ಒಂದು ಕೇಬಲನ್ನು ಚಾಟಿಯ ಹಾಗೆ ಸುತ್ತಿ ಹಿಡಿದಿದ್ದ. ಅತ್ತಿಗೆಯ ತೋಳಿನ ಮೇಲೆ ಆಗಲೇ ಒಂದು ಬಾಸುಂಡೆ ಎದ್ದಿತ್ತು. ಕೆಳಗಿಡು ಎಂದೆ. ಇಡಲಿಲ್ಲ. ನನ್ನ ಎದೆಗೆ ಕೈಕೊಟ್ಟು ನೂಕಿದ, ತಲೆ ಬಾಗಿಲ ಚೌಕಟ್ಟಿಗೆ ಬಡಿಯಿತು. ನಾನೂ ಅದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವನು. ಕೊರಳಪಟ್ಟಿ ಹಿಡಿದು ಅವನನ್ನು ಗೋಡೆಗೆ ಒತ್ತಿದೆ. ಮುಖ ಕೆಂಪಾಗಿ ಕೇಬಲ್ ಕೈಯಿಂದ ಜಾರುವವರೆಗೂ ಬಿಡಲಿಲ್ಲ.

ಇಷ್ಟಕ್ಕೂ ಜಗಳ ಹಾಡಿನದು. ಅಣ್ಣ ತಗಡಿನ ಕಾರ್ಖಾನೆಯಲ್ಲಿ ತಗಡು ಒತ್ತುವ ದೊಡ್ಡ ಪ್ರೆಸ್ಸಿನ ಮುಂದೆ ನಿಲ್ಲುವವನು. ದಿನವಿಡೀ ಧಡಲ್ ಧಡಲ್ ಎಂಬ ಸದ್ದು ತಿಂದು ಬರುತ್ತಾನೆ. ಪ್ರೆಸ್ಸಿನ ಅಚ್ಚು ಬಿರುಕು ಬಿಡುವುದು ಕಣ್ಣಿಗೆ ಕಾಣುವ ಮೊದಲೇ ಇವನಿಗೆ ಕೇಳಿಸುತ್ತಿತ್ತು. ಅದಕ್ಕೇ ಅಲ್ಲಿ ಎಲ್ಲರೂ ಇವನನ್ನು ಕರೆಯುವುದು ‘ಕಿವಿ’ ಎಂದು. ಆ ಹೆಸರು ಅವನಿಗೆ ಬಿರುದಿದ್ದ ಹಾಗೆ. ಮನೆಗೆ ಬಂದರೆ ಆಳೆತ್ತರದ ಎರಡು ಸ್ಪೀಕರುಗಳ ಎದುರು ಕಣ್ಣು ಮುಚ್ಚಿ ಕೂರುವುದೇ ಅವನ ಸುಖ.

ಮೊದಮೊದಲು ಇಂಟರ್ನೆಟ್ಟಿನ ಹಾಡು ವೈಫೈಯಲ್ಲಿ ಬಿಕ್ಕಳಿಸುತ್ತದೆ ಎಂದ. ಗೋಡೆ ಕೊರೆದು, ಅಡುಗೆಮನೆಯ ಕಪಾಟಿನ ಬೆನ್ನು ಸೀಳಿ ದಪ್ಪ ಕೇಬಲ್ ಎಳೆದ. ಬಿಕ್ಕಳಿಕೆ ನಿಂತಿತು, ಅದನ್ನು ನಾನೂ ಒಪ್ಪುತ್ತೇನೆ. ಆಮೇಲೆ ರೂಟರಿಗೊಂದು ಬೇರೆ ಪೆಟ್ಟಿಗೆ, ಪೆಟ್ಟಿಗೆಗೊಂದು ಬೇರೆ ಪವರ್ ಬಂತು. ಅಷ್ಟಾದರೂ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಗುಂಯ್ ಎನ್ನುತ್ತದೆ ಎಂಬ ತಕರಾರು ಮಾತ್ರ ಹೋಗಲಿಲ್ಲ. ನನ್ನನ್ನೂ ಹಿಡಿದು ಕೂರಿಸಿ ಕೇಳಿಸಿದ. ನನಗೇನೂ ಕೇಳಿಸಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿ ಏನು ಫಲ ಎಂದು ಬೈದ. ಇವನ ಕಿವಿಯ ಮುಂದೆ ನನ್ನ ಕಿವಿ ಯಾವ ಲೆಕ್ಕ ಎಂದು ನಾನೂ ಸುಮ್ಮನಾದೆ.

ಕೊನೆಗೆ ಅವನ ಕಣ್ಣು ಬಿದ್ದದ್ದು ಅತ್ತಿಗೆಯ ಲೈನಿನ ಮೇಲೆ. ಅವಳು ಮೋಟಾರಿನ ದೊಡ್ಡ ಹೊಲಿಗೆ ಮೆಶಿನ್ ಕೊಂಡಾಗ ಮೇನ್ ಬೋರ್ಡಿನಿಂದ ಅವಳ ಕೋಣೆಗೆ ಬೇರೆಯೇ ಒಂದು ದಪ್ಪ ವೈರು ಎಳೆಸಿದ್ದೆವು. ಮನೆಯಲ್ಲಿ ಶುದ್ಧ ಕರೆಂಟು ಅಂತ ಇದ್ದರೆ ಅದರಲ್ಲೇ ಎಂದು ಅಣ್ಣ ತನ್ನ ಹಾಡಿನ ಪೆಟ್ಟಿಗೆಗಳನ್ನೂ ಅದಕ್ಕೇ ಸಿಕ್ಕಿಸಿದ. ಸಿಕ್ಕಿಸಿದ ಮೇಲೆ, ಮೆಶಿನ್ ಓಡಿದರೆ ಕರೆಂಟು ಕೊಳೆಯಾಗುತ್ತದೆ, ಗುಂಯ್ ಬರುವುದು ಅದರಿಂದಲೇ, ನಾನು ಮನೆಯಲ್ಲಿರುವಾಗ ಹೊಲಿಯಬೇಡ ಎಂದ. ಬಿಡಾರ ಕೊಟ್ಟವಳನ್ನೇ ಬೀದಿಗಟ್ಟಿದ ಹಾಗಾಯಿತು.

ಅತ್ತಿಗೆಗೆ ಆ ವಾರ ಹೊಲಿಯದೆ ಗತಿಯಿರಲಿಲ್ಲ. ಆಸ್ಪತ್ರೆಯೊಂದರ ದಾದಿಯರ ಬಟ್ಟೆಯ ಕೆಲಸ ಮೊದಲ ಬಾರಿಗೆ ಸಿಕ್ಕಿತ್ತು. ವಾರದೊಳಗೆ ಚೊಕ್ಕವಾಗಿ ಕೊಟ್ಟರೆ ವರ್ಷವಿಡೀ ಆ ಆಸ್ಪತ್ರೆಯ ಹೊಲಿಗೆ ಅವಳದೇ. ಬಿಳಿ ಬಟ್ಟೆಯ ಗಂಟುಗಳು ಅವಳ ಕೋಣೆಯಲ್ಲಿ ಕಿಟಕಿ ಮುಚ್ಚುವಷ್ಟು ಎತ್ತರಕ್ಕೆ ಬಿದ್ದಿದ್ದವು. ಅಣ್ಣನಿಗೆ ಆ ವಾರ ರಜೆ. ಅವನು ಮನೆ ಬಿಟ್ಟು ಕದಲುತ್ತಿರಲಿಲ್ಲ, ಅವಳಿಗೆ ಮೆಶಿನ್ ಮುಟ್ಟಲು ಆಗುತ್ತಿರಲಿಲ್ಲ. ಅವತ್ತು ತಡೆಯಲಾರದೆ ಸ್ವಿಚ್ ಹಾಕಿದ್ದಳು. ಕೇಬಲ್ಲಿನ ಏಟು ಬಿದ್ದದ್ದು ಅದಕ್ಕೆ.

ಗೋಡೆಯಿಂದ ಬಿಟ್ಟ ಮೇಲೆ ಅಣ್ಣ ಕತ್ತು ಉಜ್ಜಿಕೊಳ್ಳುತ್ತ ಕೆಮ್ಮಿದ. ಅತ್ತಿಗೆ ಒಳಗಿನಿಂದಲೇ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಎಂದಳು. ಅವನು ಮತ್ತೆ ಅವಳ ಮೇಲೆ ಹೋಗುತ್ತಾನೆಂದು ನಾನು ಸ್ಟೂಲು ಎತ್ತಿಕೊಂಡೆ. ಅವನು ಹೋಗಲಿಲ್ಲ. ಇವತ್ತು ಈ ಗುಂಯ್‌ನ ಕತೆಯನ್ನೇ ಮುಗಿಸುತ್ತೇನೆ ಎಂದು ಸ್ಕ್ರೂಡ್ರೈವರು, ಕಟಿಂಗ್ ಪ್ಲೇಯರು ಹಿಡಿದು ಮೆಟ್ಟಿಲ ಕೆಳಗಿನ ಮೇನ್ ಬೋರ್ಡಿಗೆ ನಡೆದ. ನಾನು ಊಟಕ್ಕೆ ಕೂತೆ. ಅತ್ತಿಗೆ ಸಿಟ್ಟನ್ನೆಲ್ಲ ನೆಲದ ಮೇಲೆ ತೀರಿಸುತ್ತ ಕೋಣೆ ಒರೆಸಿದಳು.

ಸ್ವಲ್ಪ ಹೊತ್ತಿಗೆ ಅಣ್ಣ ನಗುತ್ತ ಬಂದ. ಆ ನಗು ನೋಡಿ ನನಗೂ ಸಮಾಧಾನವಾಯಿತು.

“ಬೇರು ಸಿಕ್ತು, ಕಿತ್ತು ಹಾಕಿದೆ. ಇನ್ನು ನೀನು ಎಷ್ಟಾದ್ರೂ ಹೊಲ್ಕೋ ಮಾರಾಯ್ತಿ, ನಾನು ಕೇಳಲ್ಲ,” ಎಂದ.

ಅತ್ತಿಗೆ ನಂಬಿದಳು. ತೋಳಿನ ಬಾಸುಂಡೆಯನ್ನೂ ಮರೆತು, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಹೋಗಿ ಮೆಶಿನ್ ಮುಂದೆ ಕೂತಳು. ಅಣ್ಣ ಹಾಡು ಹಾಕಿ ಕಣ್ಣು ಮುಚ್ಚಿದ. ಮೆಶಿನ್ ಒಮ್ಮೆ ಬುರ್ರೆಂದಿತು. ಅದರ ಹಿಂದೆಯೇ ಒಂದು ಕೂಗು. ಬಾಯಿಂದ ಬಂದದ್ದಲ್ಲ, ಹೊಟ್ಟೆಯಿಂದ ಬಂದದ್ದು.

ಓಡಿದೆ. ಅತ್ತಿಗೆಯ ಎಡಗೈ ಮೆಶಿನ್ನಿನ ಕಬ್ಬಿಣದ ಮೈಗೆ ಅಂಟಿ ನಡುಗುತ್ತಿತ್ತು. ಕರೆಂಟಿನ ಹೊಡೆತಕ್ಕೆ ಕಾಲು ಸೆಟೆದು ಪೆಡಲನ್ನು ಒತ್ತಿ ಹಿಡಿದಿತ್ತು. ಸೂಜಿ ಅವಳ ಬಲಗೈಯ ತೋರುಬೆರಳನ್ನು ಬಟ್ಟೆಯ ಸಮೇತ ಹೊಲಿಯುತ್ತಿತ್ತು. ಮುಟ್ಟಿದರೆ ನಾನೂ ಅಂಟಿಕೊಳ್ಳುತ್ತೇನೆಂದು ಮೆಟ್ಟಿಲ ಕೆಳಗೆ ಹಾರಿ ಮೇನ್ ಎಳೆದೆ. ಬೋರ್ಡಿನ ಮುಚ್ಚಳ ತೆರೆದೇ ಇತ್ತು. ಮೆಶಿನ್ನಿನಿಂದ ಸೋರುವ ಕರೆಂಟನ್ನು ಇಷ್ಟು ದಿನ ನೆಲಕ್ಕಿಳಿಸುತ್ತಿದ್ದ ಹಸಿರು ವೈರು, ಅರ್ಥಿಂಗ್, ತುಂಡಾಗಿ ಮಡಚಿಕೊಂಡಿತ್ತು. ಗುಂಯ್ ಬರುವುದೇ ಆ ವೈರಿನಿಂದ ಎಂದು ಹಾಡಿನ ಹುಚ್ಚಿನವರು ಯಾರೋ ಇವನಿಗೆ ಹೇಳಿದ್ದರಂತೆ. ಅದು ಆಮೇಲೆ ತಿಳಿಯಿತು.

ಹಿಂದಿರುಗಿ ಬಂದು ಮೆಶಿನ್ನಿನ ಗಾಲಿಯನ್ನು ಕೈಯಲ್ಲೇ ತಿರುಗಿಸಿ ಸೂಜಿ ಎತ್ತಿದೆ. ಅರ್ಧ ಸೂಜಿ ಬಂತು, ಅರ್ಧ ಮೂಳೆಯಲ್ಲೇ ಉಳಿಯಿತು. ಬಿಳಿ ಬಟ್ಟೆ ಕೆಂಪಾಗುತ್ತ ಹೋಯಿತು. ಅತ್ತಿಗೆ ಹಲ್ಲು ಕಚ್ಚಿ ಉಸಿರು ಬಿಡುತ್ತಿದ್ದಳು. ಫ್ಯಾನ್ ನಿಂತಿತ್ತು, ಫ್ರಿಜ್ ನಿಂತಿತ್ತು, ಹಾಡೂ ನಿಂತಿತ್ತು.

ಅಣ್ಣ ಬಾಗಿಲಿಗೆ ಬಂದ. ಹೆಂಡತಿಯ ಕೈ ನೋಡಲಿಲ್ಲ. ತಲೆ ಓರೆ ಮಾಡಿ ನಿಂತ.

“ಇನ್ನೂ ಇದೆ,” ಎಂದ.

ಏನು ಎಂದೆ.

“ಗುಂಯ್. ನಿಂತೇ ಇಲ್ಲ. ಪಕ್ಕದ ಮನೆಯೋರೇ ಏನೋ ಓಡಿಸ್ತಿದಾರೆ,” ಎಂದು ಗೋಡೆಗೆ ಕಿವಿ ಹಚ್ಚಿದ.

ಅತ್ತಿಗೆ ಅವನನ್ನು ನೋಡಿದಳು, ನನ್ನನ್ನು ನೋಡಿದಳು. ನಮ್ಮಿಬ್ಬರಿಗೂ ಒಟ್ಟಿಗೇ ಹೊಳೆಯಿತು.

“ಮೇನ್ ಆಫಾಗಿದೆ ಅಣ್ಣ. ಪಕ್ಕದ ಮನೆಗೆ ಬೀಗ. ಅದು ಇರೋದು ನಿನ್ನ ಕಿವಿಯಲ್ಲಿ,” ಎಂದೆ.

ಎರಡೂ ಅಂಗೈಯಿಂದ ಕಿವಿ ಮುಚ್ಚಿದ. ತೆಗೆದ. ಮತ್ತೆ ಮುಚ್ಚಿದ. ಅವನ ಮುಖ ಬಿಳಿಚಿತು. ಮರುಗಳಿಗೆಗೆ ಕಿಸೆಯಿಂದೆಳೆದ ಸ್ಕ್ರೂಡ್ರೈವರಿನ ಹಿಡಿ ನನ್ನ ದವಡೆಗೆ ಬಿತ್ತು. ಬಾಯಲ್ಲಿ ಹಲ್ಲು ಸಡಿಲಾಯಿತು. ನಾನು ತಲೆಯಿಂದ ಅವನ ಮೂಗಿಗೆ ಗುದ್ದಿದೆ. ಇಬ್ಬರೂ ಹಾಲಿನವರೆಗೆ ಉರುಳಿದೆವು. ಒಂದು ಸ್ಪೀಕರು ಮೇಲೆ ಬಿದ್ದು ಅವನ ಭುಜ ಜಜ್ಜಿತು. ಅವನು ನನ್ನ ಕತ್ತು ಹಿಸುಕುತ್ತ, ನನ್ನ ಕಿವಿಗೇನಾಗಿಲ್ಲ, ಹೇಳೋ, ಏನಾಗಿಲ್ಲ ಅಂತ ಹೇಳೋ, ಎನ್ನುತ್ತಿದ್ದ. ನಾನು ಹೇಳಲಿಲ್ಲ. ಅವನ ಕೈ ಸಡಿಲವಾಗುವವರೆಗೂ ಮುಷ್ಟಿಯಿಂದ ಪಕ್ಕೆಗೆ ಹೊಡೆದೆ.

ಅತ್ತಿಗೆ ನಮ್ಮನ್ನು ದಾಟಿಕೊಂಡು ಬಂದಳು. ಬಲಗೈಗೆ ದಾದಿಯ ಅಂಗಿಯ ಅರ್ಧ ಹೊಲಿದ ತೋಳನ್ನು ಸುತ್ತಿಕೊಂಡಿದ್ದಳು. ಎಡಗೈಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ. ಗೋಡೆಯಿಂದ ಹೊರಟ ದಪ್ಪ ಕೇಬಲನ್ನು ಕತ್ತರಿಯ ಬಾಯಿಗೆ ಕೊಟ್ಟಳು. ಒಂದೇ ಏಟಿಗೆ ಆಗಲಿಲ್ಲ. ಕಾಲಲ್ಲಿ ಒತ್ತಿ ಹಿಡಿದು ಕೊಯ್ದು ಕೊಯ್ದು ತುಂಡು ಮಾಡಿದಳು. ಆಮೇಲೆ ಕತ್ತರಿಯನ್ನು ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಇನ್ನು ನನ್ನ ಮೆಶಿನ್ ನಿಮಗೆ ಅಡ್ಡಿ ಬರಲ್ಲ. ಕೂತು ನಿಮ್ಮ ಗುಂಯ್‌ನೇ ಕೇಳಿ,” ಎಂದಳು.

ಅಣ್ಣ ಮೂಗಿನ ರಕ್ತ ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿ, ಏನಂದಳು, ಎಂದು ಕೇಳಿದ.

ಅಷ್ಟರಲ್ಲಿ ಅತ್ತಿಗೆ ಬಾಗಿಲು ದಾಟಿ ಬೀದಿಗಿಳಿದಿದ್ದಳು. ನಾನು ಬೀದಿಯ ತಿರುವಿನವರೆಗೆ ಅವಳ ಹಿಂದೆ ಓಡಿದೆ. ಡಾಕ್ಟರ ಹತ್ತಿರ ತಾನೇ ಹೋಗುತ್ತೇನೆ, ನೀನು ಬರಬೇಡ ಎಂದಳು. ಕೆಲಸ ಕಳೆದುಕೊಳ್ಳುವುದಿಲ್ಲ, ತನ್ನ ತಂಗಿಯ ಮನೆಯಲ್ಲಿ ಇಬ್ಬರೂ ಕೂತು ಮುಗಿಸುತ್ತೇವೆ, ಬಟ್ಟೆಯ ಗಂಟುಗಳನ್ನೂ ಮೆಶಿನ್ನನ್ನೂ ನಿನ್ನ ಅಂಗಡಿಯ ಗಾಡಿಯಲ್ಲಿ ಅಲ್ಲಿಗೆ ತಂದುಕೊಡು ಎಂದಳು. ಸರಿ ಅತ್ತಿಗೆ ಎಂದೆ. ಅವಳು ತಿರುವು ದಾಟಿದಳು.

ನಾನು ಮನೆಗೆ ಬಂದಾಗ ಅಣ್ಣ ಮೆಟ್ಟಿಲ ಕೆಳಗೆ ಕುಕ್ಕರುಗಾಲಲ್ಲಿ ಕೂತು, ಸತ್ತ ಬೋರ್ಡಿಗೆ ಕಿವಿ ಹಚ್ಚಿದ್ದ. ಮೆಶಿನ್ ಮತ್ತು ಗಂಟುಗಳನ್ನು ಗಾಡಿಗೆ ಹೇರುವಾಗಲೂ ಅವನು ಏಳಲಿಲ್ಲ. ಅತ್ತಿಗೆ ಮತ್ತೆ ಆ ಮನೆಗೆ ಬರಲಿಲ್ಲ.