ಮುಳುಗಿಸಿಟ್ಟ ದೋಣಿ

ನಮ್ಮೂರ ಇತಿಹಾಸ ಬಳಗದವರು ಒಂದು ದೋಣಿಯನ್ನು ಕೊಂದರು. ಕೊಂದರು ಎಂದು ಹೇಳಿದರೆ ಅವರಿಗೆ ಸಿಟ್ಟು ಬರುತ್ತದೆ, ಸಂರಕ್ಷಿಸಿದೆವು ಎನ್ನುತ್ತಾರೆ. ಬರಲಿ ಸಿಟ್ಟು. ನನಗೆ ಬಂದದ್ದರ ಕಾಲು ಭಾಗವಾದರೂ ಅವರಿಗೆ ಬರಲಿ.

ನಾನು ಹರಿಣಾಕ್ಷಿ. ಉದ್ಯಾವರದಲ್ಲಿ ಹೊಳೆಯ ಬದಿಯಲ್ಲೇ ಮನೆ, ಒಣಮೀನಿನ ವ್ಯಾಪಾರ. ಈ ಬಳಗದ ಸದಸ್ಯೆಯೂ ಹೌದು. ಅಧ್ಯಕ್ಷರು ಯಾರೆಂದರೆ ನನ್ನ ಚಿಕ್ಕಮ್ಮನ ಮಗ ಕಿಟ್ಟ. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತನಾದ ಮೇಲೆ ಅವನು ಕೆ. ಕೆ. ಸಾಲ್ಯಾನ್. ಕಿಟ್ಟ ಎಂದು ಕರೆದರೆ ಸುತ್ತಮುತ್ತ ಯಾರಾದರೂ ಕೇಳಿಸಿಕೊಂಡರೋ ಎಂದು ನೋಡುತ್ತಾನೆ. ನಾನು ಅವನಿಗಿಂತ ದೊಡ್ಡವಳು, ಅವನ ಮೂಗು ಒರೆಸಿದವಳು. ನನ್ನ ಬಾಯಲ್ಲಿ ಸಾಲ್ಯಾನ್ ಬರುವುದಿಲ್ಲ.

ಬಳಗದವರು ಒಳ್ಳೆಯ ಕೆಲಸವನ್ನೇ ಮಾಡಲಿಲ್ಲ ಎಂದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು. ಕಾಪುವಿನ ದೀಪಸ್ತಂಭದಿಂದ ಪಾರಂಪರಿಕ ನಡಿಗೆ ಮಾಡಿದರು. ಬಸ್ಸು ಮಾಡಿ ಕಾರ್ಕಳದ ಬಸದಿಗಳಿಗೆ ಕರೆದುಕೊಂಡು ಹೋದರು. ಹಳೆಯ ಫೋಟೊಗಳ ಪ್ರದರ್ಶನ ಇಟ್ಟಾಗ ಒಂದು ಫೋಟೊದಲ್ಲಿ ಮೀನು ಮಾರ್ಕೆಟಿನ ಜಗಲಿಯ ಮೇಲೆ ನನ್ನ ಅಮ್ಮ ಕೂತಿದ್ದಳು. ನಾನು ಅಲ್ಲೇ ನಿಂತು ಅತ್ತಿದ್ದೆ. ಎಲ್ಲ ಕಾರ್ಯಕ್ರಮಕ್ಕೂ ತಿಂಡಿ ನನ್ನ ಪಾಲಿಗೆ. ಇತಿಹಾಸ ಅವರದ್ದು, ಕೊಟ್ಟೆ ಕಡುಬು ನನ್ನದು. ಅದಕ್ಕೂ ನನ್ನ ತಕರಾರು ಇರಲಿಲ್ಲ.

ದೋಣಿ ಮಮ್ಮುಚ್ಚನದ್ದು. ನಮ್ಮ ಮನೆಯಿಂದ ಎರಡು ಹಿತ್ತಿಲು ಆಚೆ ಅವರ ಮನೆ. ಸೇತುವೆ ದೂರ, ರಸ್ತೆ ಇಲ್ಲ ಎಂಬ ಕಾಲದಲ್ಲಿ ಅವರ ಅಪ್ಪ ಆ ದೋಣಿಯಲ್ಲಿ ಜನರನ್ನು ಹೊಳೆ ದಾಟಿಸುತ್ತಿದ್ದರು. ಆಮೇಲೆ ಮಮ್ಮುಚ್ಚ ದಾಟಿಸಿದರು. ಶಾಲೆಯ ಮಕ್ಕಳಿಂದ ಆ ಮನೆಯವರು ಕಾಸು ತೆಗೆದುಕೊಂಡವರಲ್ಲ. ಬದಲಿಗೆ ದಾಟುವಾಗ ಒಬ್ಬರು ತೆಂಗಿನ ಗೆರಟೆಯಲ್ಲಿ ದೋಣಿಯೊಳಗಿನ ನೀರು ಮೊಗೆದು ಹೊರಗೆ ಚೆಲ್ಲಬೇಕು. ಕಿಟ್ಟ ಹೈಸ್ಕೂಲು ಮುಗಿಸಿದ್ದು ಹಾಗೆ ನೀರು ಚೆಲ್ಲಿಯೇ. ಈಗ ದಾಟುವವರಿಲ್ಲ. ಮಮ್ಮುಚ್ಚ ಅದರಲ್ಲಿ ಹೋಗಿ ಹೊಳೆಯ ತಳದಿಂದ ಮರುವಾಯಿ ಚಿಪ್ಪು ಹೆಕ್ಕಿ ತರುತ್ತಿದ್ದರು, ನಾನು ಅದನ್ನು ಮಾರಿಸಿ ಕೊಡುತ್ತಿದ್ದೆ. ಮಗ ಅನ್ಸಾರ್ ದುಬೈಯಿಂದ ಕಳಿಸುವುದು ಮನೆಗೆ ಸಾಕು. ಆದರೂ ಹೊಳೆಗೆ ಇಳಿಯದಿದ್ದರೆ ಮಮ್ಮುಚ್ಚನಿಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. "ಅದನ್ನು ಬಿಡಿಸಿದರೆ ಇವರು ಮಲಗಿದಲ್ಲೇ ಹೋಗುತ್ತಾರೆ," ಎಂದು ಅವರ ಹೆಂಡತಿ ರುಕಿಯಮ್ಮ ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದುಂಟು.

ಕಳೆದ ಬೇಸಿಗೆಯಲ್ಲಿ ಮಮ್ಮುಚ್ಚನಿಗೆ ಮಣಿಪಾಲದಲ್ಲಿ ಹರ್ನಿಯಾ ಆಪರೇಷನ್ ಆಯಿತು. ಭಾರ ಎತ್ತಬಾರದು, ಒಂದಷ್ಟು ಸಮಯ ನೀರಿಗೆ ಇಳಿಯಬಾರದು ಎಂದರು ಡಾಕ್ಟರು. ಮಗಳು ಹಫೀಝಾ ಕಾರ್ಕಳದ ತನ್ನ ಮನೆಗೆ ಇಬ್ಬರನ್ನೂ ಕರೆದುಕೊಂಡು ಹೋದಳು. ಆಸ್ಪತ್ರೆಗೆ ಸೇರುವ ಮುಂಚೆ ಮಮ್ಮುಚ್ಚ ಮಾಡಿದ ಕೊನೆಯ ಕೆಲಸ ದೋಣಿಯನ್ನು ಮುಳುಗಿಸಿದ್ದು. ಮರದ ದೋಣಿಯನ್ನು ಬಳಸದೆ ಬಿಸಿಲಿಗೆ ಬಿಟ್ಟರೆ ಒಣಗಿ ಬಿರಿಯುತ್ತದೆ. ಅದಕ್ಕೆ ಒಳಗೆ ಕಲ್ಲು ಹೇರಿ, ದಡದ ತೆಂಗಿನ ಬುಡಕ್ಕೆ ಹಗ್ಗ ಕಟ್ಟಿ, ನೀರಿನ ಅಡಿಯಲ್ಲಿ ಇಡುವುದು. ಹೊಳೆಬದಿಯಲ್ಲಿ ಹುಟ್ಟಿದ ಯಾರಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ಉಪ್ಪಿನಕಾಯಿಯನ್ನು ಭರಣಿಯಲ್ಲಿ ಇಟ್ಟ ಹಾಗೆ, ಅಷ್ಟೇ.

ಅವರು ಕಾರ್ಕಳದಲ್ಲಿದ್ದಾಗ ಬಳಗದವರು ಹೊಳೆ ಸ್ವಚ್ಛತಾ ಅಭಿಯಾನ ಇಟ್ಟರು. ಟೋಪಿ, ಟೀಶರ್ಟು, ಬ್ಯಾನರು. ನಾನು ಅವತ್ತು ಶಂಕರಪುರದಲ್ಲಿ ಮದುವೆಗೆ ಹೋಗಿದ್ದೆ. ಸಮುದ್ರ ಇಳಿತದ ಹೊತ್ತಿನಲ್ಲಿ ನೀರಿನೊಳಗೆ ದೋಣಿ ಕಂಡಿತಂತೆ. ಜೆಸಿಬಿ ತರಿಸಿದರು. ಹಗ್ಗ ಕಡಿದರು, ಕಲ್ಲು ಎತ್ತಿ ಎಸೆದರು, ದೋಣಿ ಮೇಲೆ ಬಂತು, ಚಪ್ಪಾಳೆ. ಮರುದಿನ ಪೇಪರಿನಲ್ಲಿ ಕಿಟ್ಟನ ಫೋಟೊ: 'ಹೊಳೆಯ ಒಡಲಲ್ಲಿ ಶತಮಾನಗಳ ಹಿಂದಿನ ದೋಣಿ ಪತ್ತೆ.' ನಾನು ಓದಿದ್ದು ಅದೇ ಪೇಪರಿನಲ್ಲಿ ಒಣ ಬಂಗುಡೆ ಮೀನು ಕಟ್ಟುವಾಗ. ಕೈಯಲ್ಲಿದ್ದ ಬಂಗುಡೆ ಹಾಗೇ ಬಿಟ್ಟು ಕಿಟ್ಟನ ಮನೆಗೆ ಹೋದೆ.

"ಎಂತ ಮಾಡಿದ್ದು ಮಾರಾಯ ನೀನು? ಅದು ಮಮ್ಮುಚ್ಚನ ದೋಣಿ!"

ಅವನಿಗೆ ಗೊತ್ತಾಗಲಿಲ್ಲ, ತಪ್ಪಿ ಎತ್ತಿದ್ದಾನೆ ಎಂದೇ ನಾನು ಅಂದುಕೊಂಡದ್ದು. ಕಿಟ್ಟ ಗೇಟಿನ ಕಡೆ ನೋಡಿ ಸ್ವರ ತಗ್ಗಿಸಿದ.

"ಗೊತ್ತುಂಟು ಹರಿಣಕ್ಕ. ಮೇಲೆ ಬಂದ ಕೂಡಲೇ ನನಗೆ ಗೊತ್ತಾಯಿತು. ಆದರೆ ಅಷ್ಟರಲ್ಲಿ ಪೇಪರಿನವರು ಫೋಟೊ ತೆಗೆದು ಆಗಿತ್ತು."

"ಹಾಗಾದರೆ ವಾಪಸ್ ನೀರಿಗೆ ಹಾಕು!"

"ಹೇಗೆ ಹಾಕುವುದು? ಮುಖ್ಯ ಅತಿಥಿಗಳ ಡೇಟು ಸಿಕ್ಕಿದೆ. ಕಟ್ಟೆ ಕಟ್ಟಲಿಕ್ಕೆ ಹೇಳಿ ಆಗಿದೆ. ಈಗ ಅದು ಮೊನ್ನೆ ಮೊನ್ನೆಯವರೆಗೆ ಮರುವಾಯಿ ಹೆಕ್ಕಿದ ದೋಣಿ ಅಂತ ಹೇಳಿದರೆ ಬಳಗದ ಮರ್ಯಾದೆ ಎಲ್ಲಿ ಉಳಿಯುತ್ತದೆ? ಮಮ್ಮುಚ್ಚನನ್ನು ನಾವು ಬಿಡುವುದಿಲ್ಲ. ಅವರಿಗೆ ಒಂದು ಸನ್ಮಾನ ಮಾಡುವ."

ಅರಿಯದೆ ಮಾಡಿದ್ದರೆ ಎರಡು ಬೈದು ಬಿಟ್ಟುಬಿಡುತ್ತಿದ್ದೆ. ಇವನು ಗೊತ್ತಿದ್ದೂ ಮಾಡಿದ. ಆ ದೋಣಿಯ ಯಾವ ಹಲಗೆ ಎಲ್ಲಿ ಜಿನುಗುತ್ತದೆ ಎಂದು ಗೆರಟೆ ಹಿಡಿದು ಕಲಿತವನು. ಬಿಸಿಲಿಗೆ ಇಟ್ಟರೆ ಏನಾಗುತ್ತದೆ ಎಂದು ಗೊತ್ತಿದ್ದವನು. ಕಮಿಟಿಯಲ್ಲಿ ಇನ್ನೂ ನಾಲ್ಕು ಜನ ಹೊಳೆಬದಿಯವರೇ ಇದ್ದರು. ಅವರನ್ನೂ ಕೇಳಿದೆ. ಎಲ್ಲರದ್ದೂ ಒಂದೇ ಮಾತು: "ಅಧ್ಯಕ್ಷರ ಹತ್ತಿರ ಹೇಳಿ."

ಬಳಗದ ಕಚೇರಿ ಹೆದ್ದಾರಿಯ ಬದಿಯಲ್ಲಿ. ಅದರ ಎದುರು ಸಿಮೆಂಟಿನ ಕಟ್ಟೆ, ಕಟ್ಟೆಯ ಮೇಲೆ ಕಬ್ಬಿಣದ ಪಟ್ಟಿ ಬಿಗಿದು ದೋಣಿ. ಮೇಲೆ ಸೂರು ಇಲ್ಲ. ಸೂರು ಹಾಕಿದರೆ ರಸ್ತೆಯಿಂದ ಚಂದ ಕಾಣುವುದಿಲ್ಲವಂತೆ. ಫಳಫಳ ಹೊಳೆಯುವ ಹಾಗೆ ವಾರ್ನಿಷ್ ಬಳಿದರು. ಕೆಳಗೆ ಕಪ್ಪು ಗ್ರಾನೈಟಿನಲ್ಲಿ ಬಂಗಾರದ ಅಕ್ಷರ: 'ಅಜ್ಞಾತ ನಾವಿಕರ ದೋಣಿ.' ನಾನು ದಿನಾ ಬಸ್ಸಿನಲ್ಲಿ ಆ ದಾರಿಯಾಗಿ ಹೋಗುತ್ತಿದ್ದೆ. ಒಂದು ದಿನ ಇಳಿದು ನೋಡಿದರೆ ಅಡಿಯ ಹಲಗೆಯಲ್ಲಿ ಕೂದಲೆಳೆಯಷ್ಟು ಗೀರು. ಇನ್ನೊಂದು ದಿನ ಇಳಿದಾಗ ಅದರಲ್ಲಿ ನನ್ನ ಉಗುರು ಹೋಯಿತು. ಕಿಟ್ಟನಿಗೆ ಫೋನು ಮಾಡಿದೆ. "ಮೀಟಿಂಗಿನಲ್ಲಿ ಇದ್ದೇನೆ," ಎಂದ. ಅವನ ಮೀಟಿಂಗಿಗೆ ಬೆಂಕಿ ಬೀಳಲಿ.

ಉದ್ಘಾಟನೆಗೆ ಮಮ್ಮುಚ್ಚ ಬರಲೇಬಾರದು ಎಂದು ನಾನು ಕಾರ್ಕಳಕ್ಕೆ ಫೋನು ಮಾಡಿ ಹೇಳಿದ್ದೆ. ರುಕಿಯಮ್ಮ ಅತ್ತರು. "ನಾನು ಹೇಳಿದರೆ ಕೇಳುತ್ತಾರಾ? ಸ್ಟೇಜು ದೋಣಿಯ ಹತ್ತಿರವೇ ಅಂತೆ, ಅಷ್ಟು ಹತ್ತಿರ ಹೋಗಲಿಕ್ಕೆ ಆಗುತ್ತದಲ್ವಾ, ಅಂತ ಹೇಳುತ್ತಾರೆ," ಎಂದರು. ತನ್ನ ಸ್ವಂತ ದೋಣಿಯನ್ನು ಮುಟ್ಟಲು ಆ ಮನುಷ್ಯ ಶಾಲು ಹೊದೆಸಿಕೊಳ್ಳಬೇಕಿತ್ತು.

ಕಾರ್ಯಕ್ರಮ ಬೆಳಿಗ್ಗೆ ಎಂದಿದ್ದದ್ದು ಅತಿಥಿಗಳು ಬರುವಾಗ ನಡುಮಧ್ಯಾಹ್ನ. ಅನ್ಸಾರ್ ರಜೆಯಲ್ಲಿ ಬಂದು ಅಪ್ಪ ಅಮ್ಮನನ್ನು ಕಾರ್ಕಳದಿಂದ ಊರಿಗೆ ಕರೆತಂದಿದ್ದ, ಅವನೇ ಅಪ್ಪನನ್ನು ಕೈಹಿಡಿದು ಸ್ಟೇಜಿಗೆ ಹತ್ತಿಸಿದ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ಎಲ್ಲ ಆಯಿತು. ಕಿಟ್ಟ ಮೈಕಿನಲ್ಲಿ ಪೂರ್ವಜರ ಸಾಹಸದ ಬಗ್ಗೆ ಮಾತಾಡಿದ. ಅಜ್ಞಾತ, ಅನಾಮಿಕ ಎಂಬ ಶಬ್ದಗಳು ಅವನ ಬಾಯಿಂದ ಪುಂಖಾನುಪುಂಖವಾಗಿ ಬಂದವು. ಆ ಅನಾಮಿಕನ ಮಗ ಮಮ್ಮುಚ್ಚ ಅವನ ಪಕ್ಕದಲ್ಲೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ದೋಣಿಯನ್ನೇ ನೋಡುತ್ತಿದ್ದರು. ಆಮೇಲೆ "ಹಿರಿಯ ನಾವಿಕರಿಗೆ ಸನ್ಮಾನ" ಎಂದರು. ಶಾಲು, ಹಾರ, ಹಣ್ಣಿನ ಬುಟ್ಟಿ, ದೋಣಿಯ ಚಿತ್ರ ಇರುವ ಸ್ಮರಣಿಕೆ.

ಮಮ್ಮುಚ್ಚ ಹಾರ ತೆಗೆದು ಕುರ್ಚಿಯ ಮೇಲಿಟ್ಟರು. ಶಾಲು ಬಿಚ್ಚಿದರು. ಸ್ಟೇಜಿನಿಂದ ಇಳಿದು, ಕೈತೊಳೆಯಲು ಇಟ್ಟಿದ್ದ ಬಕೆಟಿನಲ್ಲಿ ಶಾಲನ್ನು ಅದ್ದಿ, ನೀರು ಸೋರುತ್ತಿದ್ದ ಹಾಗೇ ಎತ್ತಿಕೊಂಡು ಕಟ್ಟೆ ಹತ್ತಿದರು. ಒಡೆದ ಹಲಗೆಯ ಮೇಲೆ ಅದನ್ನು ಹಾಸಿ, ಮಗುವಿಗೆ ಜ್ವರ ಬಂದಾಗ ಒತ್ತುವ ಹಾಗೆ ಎರಡು ಕೈಯಲ್ಲೂ ಒತ್ತಿದರು. ಆಪರೇಷನ್ ಆದ ಹೊಟ್ಟೆ. ಸಭೆಯಲ್ಲಿ ಯಾರೋ ನಕ್ಕರು.

ಮಮ್ಮುಚ್ಚ ತಲೆ ಎತ್ತಿ, ಹೊಳೆಯ ನಡುವೆ ಕರೆಯುತ್ತಿದ್ದ ಅದೇ ಸ್ವರದಲ್ಲಿ ಕರೆದರು. "ಕಿಟ್ಟಾ, ನೀರು ತಾ."

ಕಿಟ್ಟನ ಕಾಲು ಒಂದು ಹೆಜ್ಜೆ ಮುಂದೆ ಬಂತು. ನಾನು ಕಣ್ಣಾರೆ ಕಂಡಿದ್ದೇನೆ, ಯಾರ ಎದುರು ಬೇಕಾದರೂ ಹೇಳುತ್ತೇನೆ. ಅದು ಹಳೆಯ ಕಾಲು, ಅದಕ್ಕೆ ಆ ಸ್ವರದ ಗುರುತು ಇತ್ತು. ಆಮೇಲೆ ಅವನು ಅತಿಥಿಗಳ ಮುಖ ನೋಡಿದ, ಫೋಟೊದವನನ್ನು ನೋಡಿದ, ಮೈಕು ಹಿಡಿದುಕೊಂಡ.

"ಈಗ ಎಲ್ಲರೂ ಎದ್ದು ನಿಲ್ಲಬೇಕು. ರಾಷ್ಟ್ರಗೀತೆ."

ಎಲ್ಲರೂ ಎದ್ದರು. ಎದ್ದ ಮೇಲೆ ಅಲ್ಲಾಡುವ ಹಾಗಿಲ್ಲ. ಮಮ್ಮುಚ್ಚನೂ ಶಾಲಿನಿಂದ ಕೈ ತೆಗೆದು, ಬೆನ್ನು ನೆಟ್ಟಗೆ ಮಾಡಿ, ಕಟ್ಟೆಯ ಮೇಲೆ ನಿಂತರು. ಸುಡುವ ಬಿಸಿಲಿನಲ್ಲಿ ಅವರ ಮುಂಗೈಯ ನೀರು ಆರಿತು. ಹಾಡು ಮುಗಿದ ಕೂಡಲೇ ನಾನು ಬಕೆಟ್ ಎತ್ತಿಕೊಂಡು ಹೋಗಿ ದೋಣಿಯೊಳಗೆ ಸುರಿದೆ. ನೀರು ಅಡಿಯಿಂದ ನೇರ ಇಳಿದು ಗ್ರಾನೈಟಿನ ಮೇಲೆ ಹರಿಯಿತು. ಒಂದು ಹನಿಯೂ ಒಳಗೆ ನಿಲ್ಲಲಿಲ್ಲ.

"ಹರಿಣಕ್ಕಾ, ಮಾನ ತೆಗೆಯಬೇಡ," ಎಂದ ಕಿಟ್ಟ ಹಲ್ಲು ಕಚ್ಚಿ.

"ಇದ್ದರೆ ಅಲ್ವಾ ತೆಗೆಯುವುದು!" ಎಂದೆ. ಅದು ಮೈಕಿನಲ್ಲಿ ಕೇಳಿಸಿತಂತೆ. ಕೇಳಲಿ.

ಮರುದಿನ ಹಗಲಲ್ಲೇ, ಹೆದ್ದಾರಿಯಲ್ಲಿ ಹೋಗುವವರೆಲ್ಲ ನೋಡುತ್ತಿದ್ದಾಗಲೇ, ನಾವು ದೋಣಿ ತಂದೆವು. ಅನ್ಸಾರ್ ಟೆಂಪೊ ಮಾಡಿದ. ನಮ್ಮ ಕೇರಿಯ ಗಂಡಸರು ಕಬ್ಬಿಣದ ಪಟ್ಟಿ ಕೊಯ್ದು ಎತ್ತಿಕೊಟ್ಟರು. ಯಾರೂ ತಡೆಯಲಿಲ್ಲ. ಹೊಳೆಗೆ ಇಳಿಸಿದ ಮೇಲೆ ಮೊದಲಿನ ಹಾಗೆ ಕಲ್ಲು ಹೇರಬೇಕಾಗಿ ಬರಲಿಲ್ಲ. ಅದು ತಾನಾಗಿಯೇ ಮುಳುಗಿತು. ಮರ ನೀರು ಕುಡಿದು ಉಬ್ಬಿದರೆ ಬಿರುಕು ಕೂಡಿಕೊಳ್ಳುತ್ತದೆ ಎಂದು ಅನ್ಸಾರ್ ಸಮಾಧಾನ ಹೇಳಿದ. ಮಮ್ಮುಚ್ಚ ಹೌದೆಂದು ತಲೆಯಾಡಿಸಿದರು. ಸಣ್ಣ ಬಿರುಕು ಕೂಡಿಕೊಳ್ಳುತ್ತದೆ. ಇದು ಕೈ ಹೋಗುವ ಬಿರುಕು. ತಲೆಯಾಡಿಸುವಾಗಲೂ ಅದು ಅವರಿಗೆ ಗೊತ್ತಿತ್ತು.

ಬಳಗದವರು ದೂರು ಕೊಟ್ಟರು. 'ಪಾರಂಪರಿಕ ದೋಣಿಯನ್ನು ಅಪರಿಚಿತರು ಕದ್ದೊಯ್ದಿದ್ದಾರೆ' ಎಂದು ಪೇಪರಿನಲ್ಲಿ ಬಂತು. ಎರಡು ದಿನ ಬಿಟ್ಟು ಸಂಜೆ ಒಬ್ಬ ಪೊಲೀಸ್ ಬೈಕಿನಲ್ಲಿ ಬಂದ, ಹಿಂದೆ ಕಾರಿನಲ್ಲಿ ಕಿಟ್ಟ. ಮಮ್ಮುಚ್ಚ ದಡದಲ್ಲಿ ಕೂತಿದ್ದರು. ದೋಣಿ ಮುಳುಗಿದ ಮೇಲೆ ಅವರು ಅಲ್ಲಿಂದ ಏಳುವುದೇ ಕಡಿಮೆಯಾಗಿತ್ತು. ಊಟಕ್ಕೆ ಕರೆಯಲು ರುಕಿಯಮ್ಮ ಎರಡು ಮೂರು ಸಲ ಬರಬೇಕಿತ್ತು. ಪೊಲೀಸ್ ಒಳ್ಳೆಯ ಮನುಷ್ಯ, ಟೋಪಿ ತೆಗೆದು ನಿಂತ.

"ಸರ್, ಇವರ ಪರಿಚಯ ಉಂಟಾ ನಿಮಗೆ?" ಎಂದು ಕಿಟ್ಟನನ್ನು ಕೇಳಿದ.

ಕಿಟ್ಟ ಹೊಳೆ ನೋಡಿದ. ತೆಂಗಿನ ಬುಡ ನೋಡಿದ. ಮಮ್ಮುಚ್ಚನನ್ನು ಮಾತ್ರ ನೋಡಲಿಲ್ಲ.

"ಹಾಗೆ ಪರಿಚಯ ಅಂತ ಇಲ್ಲ. ಕಾರ್ಯಕ್ರಮದಲ್ಲಿ ನೋಡಿದ್ದು," ಎಂದ.

ದೋಣಿ ಒಡೆದದ್ದನ್ನು ನೋಡಿದಾಗಲೂ ಮಮ್ಮುಚ್ಚನ ಮುಖ ಹಾಗೆ ಬಿಳಿಚಿಕೊಂಡಿರಲಿಲ್ಲ. ರುಕಿಯಮ್ಮ ಬಾಗಿಲಲ್ಲೇ ಕೂತುಬಿಟ್ಟರು. ನಾನು ಪೊಲೀಸಿನ ಎದುರು ಹೋಗಿ ನಿಂತೆ.

"ಬರೆದುಕೊಳ್ಳಿ," ಎಂದೆ ಪೊಲೀಸಿಗೆ. "ದೋಣಿ ತಂದವಳು ಹರಿಣಾಕ್ಷಿ. ದೋಣಿ ಯಾರದ್ದೆಂದರೆ ಮಮ್ಮು ಬ್ಯಾರಿಯವರದ್ದು, ಅವರಿಗಿಂತ ಮುಂಚೆ ಅವರ ಅಪ್ಪನದ್ದು. ಇಲ್ಲಿ ಅಪರಿಚಿತರು ಒಬ್ಬರೂ ಇಲ್ಲ. ಮತ್ತೆ ಇವನ ಹೆಸರು ಕಿಟ್ಟ. ಸಾಲ್ಯಾನ್ ಅಂತ ಬರೆಯಬೇಡಿ, ಕಿಟ್ಟ. ಹೈಸ್ಕೂಲು ಮುಗಿಯುವವರೆಗೆ ಈ ದೋಣಿಯಲ್ಲಿ ನೀರು ಚೆಲ್ಲಿದವನು. ಅದನ್ನೂ ಬರೆಯಿರಿ."