ಬ್ಯಾಟರಿ ಹಾಕ್ತಿದೀನಿ

“ಹಾಳಾಗಿ ಹೋಗ!” ಎಂದಳು ತಂಗಿ, ಗಾಗಲ್ಸ್ ತೆಗೆಯದೆಯೇ. ರಿಪೇರಿ ಅಂಗಡಿಯ ಬೆಂಚಿನ ಮೇಲೆ ಯಾರದೋ ಫೋನು ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು, ಗಿರಾಕಿ ಕೌಂಟರಿನ ಆಚೆ ಕೆಮ್ಮುತ್ತಿದ್ದ, ಇವಳು ಮಾತ್ರ ಅದೇ ರೆಕಾರ್ಡಿಂಗನ್ನು ಹನ್ನೊಂದನೇ ಸಲ ನೋಡುತ್ತಿದ್ದಳು. ಗೋದಾಮಿನ ಮಾಡಿನ ಕಬ್ಬಿಣದ ತೊಲೆಗಳು ಒಂದರ ಹಿಂದೊಂದು ಓಡಿ ಬರುತ್ತವೆ. ಚಿತ್ರ ಒಮ್ಮೆ ಹರಿದು ಬೆಳ್ಳಗಾಗುತ್ತದೆ. ಆಮೇಲೆ ತೊಲೆ ಇರಬೇಕಾದ ಜಾಗದಲ್ಲಿ ಅಕ್ಕನ ಗಂಡ, ಭಾವ, ಹತ್ತು ಹೆಜ್ಜೆ ದೂರದಲ್ಲಿ ನಿಂತಿರುತ್ತಾನೆ, ಪ್ಯಾಂಟಿನ ಜೇಬಿನಲ್ಲಿ ಎರಡೂ ಕೈ ಇಟ್ಟುಕೊಂಡು, ಮುಖ ಮೇಲೆತ್ತಿ, ಹಲ್ಲು ಬಿಟ್ಟುಕೊಂಡು. ಮೂರೇ ಸೆಕೆಂಡು. ಅಷ್ಟರಲ್ಲಿ ಅವಳ ಡ್ರೋನು ತೊಲೆಗೆ ಬಡಿದು ಕಾಂಕ್ರೀಟಿನ ಮೇಲೆ ಬಿದ್ದಾಗಿತ್ತು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಈ ಬಗೆಯ ಡ್ರೋನು ಹಾರಿಸುವವರು ಮೇಲೆ ನೋಡುವುದಿಲ್ಲ. ಕಣ್ಣಿಗೆ ಗಾಗಲ್ಸ್ ಕಟ್ಟಿಕೊಂಡು ಕೂರುತ್ತಾರೆ; ಡ್ರೋನಿನ ಮೂತಿಯಲ್ಲಿರುವ ಕ್ಯಾಮೆರಾಕ್ಕೆ ಕಂಡದ್ದೇ ಅವರಿಗೂ ಕಾಣುವುದು. ಪಕ್ಕದಲ್ಲಿ ಇನ್ನೊಬ್ಬರು ಅದೇ ಚಾನೆಲ್ಲಿನ, ಅಂದರೆ ಅದೇ ತರಂಗದಲ್ಲಿ ಚಿತ್ರ ಕಳಿಸುವ, ಡ್ರೋನಿಗೆ ಬ್ಯಾಟರಿ ಸಿಕ್ಕಿಸಿದರೆ ಮುಗೀತು, ಹಾರಿಸುವವರ ಕಣ್ಣೊಳಗೆ ತಮ್ಮದರ ಬದಲು ಆ ಇನ್ನೊಂದರ ಚಿತ್ರ ಬಂದು ಕೂರುತ್ತದೆ. ಅದಕ್ಕೇ ಡ್ರೋನು ಹಾರಿಸುವ ಬಯಲಿನಲ್ಲಿ ಒಂದು ಪದ್ಧತಿ ಇದೆ. ಸಿಕ್ಕಿಸುವ ಮೊದಲು “ಬ್ಯಾಟರಿ ಹಾಕ್ತಿದೀನಿ!” ಎಂದು ಗಟ್ಟಿಯಾಗಿ ಕೂಗಬೇಕು. ಹಾರಿಸುತ್ತಿರುವವರು “ಹಾಕು” ಅನ್ನುವ ತನಕ ಸುಮ್ಮನಿರಬೇಕು. ತಂಗಿ ಬಯಲಿನಲ್ಲಿ ಒಬ್ಬಳೇ ಇದ್ದಾಗಲೂ ಕೂಗುತ್ತಿದ್ದಳು. ಕೂಗದವರನ್ನು ಅವಳು ಮನುಷ್ಯರೆಂದೇ ಎಣಿಸುತ್ತಿರಲಿಲ್ಲ.

ಅವಳ ಡ್ರೋನು ಹುಟ್ಟಿದ್ದು ಇದೇ ಬೆಂಚಿನ ಮೇಲೆ. ಊಟದ ಬಿಡುವಿನಲ್ಲಿ ಒಂದೊಂದೇ ತಂತಿ ಬೆಸುಗೆ ಹಾಕಿ, ಈ ಹುಚ್ಚು ಬಿಟ್ಟವನೊಬ್ಬನಿಂದ ಹಳೆಯ ಮೋಟಾರು ತಂದು, ಸತ್ತ ಡ್ರೋನೊಂದರ ಕ್ಯಾಮೆರಾ ಕಿತ್ತು ಕೂಡಿಸಿ, ಅದು ನೆಲ ಬಿಡುವ ಹೊತ್ತಿಗೆ ನಾಲ್ಕು ತಿಂಗಳು. ಮೊದಲ ಸಲ ಹೊಗೆ ಬಂತು. ಎರಡನೇ ಸಲ ಒಂದು ಮೋಟಾರು ಉಲ್ಟಾ ತಿರುಗಿ ಕಪ್ಪೆಯ ಹಾಗೆ ಮಗುಚಿಕೊಂಡಿತು. ಭಾವನಾದರೋ ಅಂಗಡಿಗೆ ಹೋಗಿ ರೆಡಿಮೇಡ್ ತಂದ. ಗಾಗಲ್ಸು, ರಿಮೋಟು, ಚೀಲ ಎಲ್ಲಾ ಒಂದೇ ಡಬ್ಬಿಯಲ್ಲಿ.

“ಏನಮ್ಮಾ ಮೆಕ್ಯಾನಿಕಮ್ಮ, ನಾಲ್ಕು ತಿಂಗಳು ಬಸುರಿ ಥರ ಹೊತ್ಕೊಂಡು ತಿರುಗಿದೆ. ನಾನು ನೋಡು, ಡಬ್ಬಿ ಬಿಚ್ಚಿದೆ, ಹಾರಿಸಿದೆ!” ಎಂದು ನಕ್ಕಿದ್ದ. ಅವನ ಫೋಟೋ ಸ್ಟುಡಿಯೋ ಬಾಗಿಲು ಹಾಕಿ ಆರು ತಿಂಗಳಾಗಿತ್ತು. ಆದರೂ ನಗುವುದಕ್ಕೆ ಅವನಿಗೆ ಏನೂ ಬರ ಇರಲಿಲ್ಲ.

ಗೋದಾಮಿನ ಕೆಲಸವನ್ನು ಹುಡುಕಿದ್ದು ತಂಗಿಯೇ. ಐದು ದೊಡ್ಡ ಗೋದಾಮುಗಳು. ತಿಂಗಳಿಗೊಮ್ಮೆ ಮಾಡಿನ ತೊಲೆಗಳ ನಡುವೆ ಹಾರಿಸಿ ಎಲ್ಲಿ ಸೋರಿದೆ, ಯಾವ ಬೋಲ್ಟು ಸಡಿಲಾಗಿದೆ ಎಂದು ವಿಡಿಯೋ ಮಾಡಿ ಕೊಡಬೇಕು. ಆ ಕೆಲಸ ಸಿಕ್ಕಿದ್ದರೆ ಈ ಬೆಂಚಿಗೂ ಬೆಂಚಿನ ಯಜಮಾನನಿಗೂ ಕೈ ಮುಗಿದು ಅವಳು ಹೊರಟುಬಿಡುತ್ತಿದ್ದಳು. ಪರೀಕ್ಷೆಗೆ ಭಾವನೂ ಬಂದ, ಹಿಂದೆ ಚೀಲ ಹೊತ್ತು ಅಕ್ಕ. ಇಬ್ಬರ ಡ್ರೋನಿನದೂ ಒಂದೇ ಚಾನೆಲ್ಲು. ಒಬ್ಬರು ಹಾರಿಸುವಾಗ ಇನ್ನೊಬ್ಬರು ಬ್ಯಾಟರಿ ಮುಟ್ಟಬಾರದು ಎಂದು ತಂಗಿ ಮೊದಲೇ ಎಲ್ಲರಿಗೂ ಬಿಡಿಸಿ ಹೇಳಿದ್ದಳು. ಆದರೂ ಅವಳದು ಬಿತ್ತು. “ಮನೇಲಿ ಮಾಡಿದ್ದು ಅಂದ್ರೆ ಹಾಗೇ ಸಾರ್” ಎಂದ ಭಾವ ಮ್ಯಾನೇಜರಿಗೆ. ಆಮೇಲೆ ತನ್ನದನ್ನು ಸಲೀಸಾಗಿ ಹಾರಿಸಿ ತೋರಿಸಿದ. ಅವಳು ಕಾಡಿ ಬೇಡಿದ್ದಕ್ಕೆ ಮ್ಯಾನೇಜರು, ಎರಡು ವಾರ ಬಿಟ್ಟು ಇಬ್ಬರೂ ಇನ್ನೊಂದು ಸಲ ಬನ್ನಿ ಎಂದಿದ್ದರು.

ಮನೆಗೆ ಬಂದು ಗಾಗಲ್ಸಿನ ರೆಕಾರ್ಡಿಂಗ್ ಹಾಕಿ ನೋಡಿದಾಗಲೇ ಗೊತ್ತಾಗಿದ್ದು. ತನ್ನ ಬೆಸುಗೆ ಬಿಟ್ಟಿರಲಿಲ್ಲ, ಮೋಟಾರು ಕೈಕೊಟ್ಟಿರಲಿಲ್ಲ. ಅವನ ಡ್ರೋನಿನ ಚಿತ್ರ, ಅದರೊಳಗೆ ಅವನದೇ ಮುಖ. ಇನ್ಯಾವ ಸಾಕ್ಷಿ ಬೇಕು?

ಮಧ್ಯಾಹ್ನ ಅಕ್ಕ ಊಟದ ಡಬ್ಬಿ ತಂದಳು. ಬೆಂಚಿನ ಮೇಲೆ ಜಾಗ ಇಲ್ಲದೆ ಸ್ಟೂಲಿನ ಮೇಲಿಟ್ಟಳು.

“ಮತ್ತೆ ಹೋಗಲೇಬೇಕೇನೇ? ಈ ಸಲ ಬಿಟ್ಟುಬಿಡಬಾರದಾ?”

“ಯಾಕೆ ಬಿಡಲಿ? ನಿನ್ನ ಗಂಡ ಬೇಕಂತಲೇ ನನ್ನ ಬೀಳಿಸಿದ್ದು. ಕೂಗದೆ ಬ್ಯಾಟರಿ ಹಾಕಿದ್ದಾರೆ. ವಿಡಿಯೋ ಇದೆ, ನೋಡ್ತೀಯಾ?”

ಅಕ್ಕ ಗಾಗಲ್ಸ್ ಮುಟ್ಟಲಿಲ್ಲ. “ಅವರು ಅಂಥವರಲ್ಲ ಕಣೆ. ಬಾಯಿ ಜಾಸ್ತಿ, ಅಷ್ಟೇ. ಚಾನೆಲ್ಲು ಅಂದ್ರೆ ಅವರಿಗೆ ಟೀವಿ ಚಾನೆಲ್ಲು ಬಿಟ್ಟು ಬೇರೆ ಗೊತ್ತಿಲ್ಲ.”

“ನೀನಿನ್ನೇನು ಹೇಳ್ತೀಯ! ಗಂಡನ್ನ ಬಿಟ್ಟುಕೊಡ್ತೀಯಾ?”

“ತಣ್ಣಗಾಗುತ್ತೆ, ಊಟ ಮಾಡು” ಎಂದು ಅಕ್ಕ ಹೊರಟಳು.

ಹದಿನಾಲ್ಕು ದಿನ ತಂಗಿ ಆ ಡ್ರೋನನ್ನು ಮತ್ತೆ ಕಟ್ಟಿದಳು. ಮುರಿದ ತೋಳು ಬದಲಾಯಿಸಿದಳು, ಹೊಸ ಕ್ಯಾಮೆರಾ ಕೂಡಿಸಿದಳು. ಎರಡು ಗುಂಡಿ ಒತ್ತಿದ್ದರೆ ಚಾನೆಲ್ಲನ್ನೂ ಬದಲಾಯಿಸಬಹುದಿತ್ತು. ಬದಲಾಯಿಸಲಿಲ್ಲ. ಪೊಲೀಸು, ಪಂಚಾಯ್ತಿ, ಅಕ್ಕನ ಹತ್ತಿರ ಅಳು, ಇವೆಲ್ಲಾ ಯಾಕೆ? ಅವನು ಕೊಟ್ಟಿದ್ದನ್ನೇ ಅವನಿಗೆ ವಾಪಸು ಕೊಟ್ಟರಾಯಿತು, ಬಡ್ಡಿಯೂ ಬೇಡ. ಯಾರು ಹೀಗೆ ಮಾಡಿದರು ಎಂದು ಅವನು ಬಾಯಿ ಬಿಡುವ ಹಾಗೂ ಇರಲಿಲ್ಲ. ಬಿಟ್ಟರೆ, ನಿನಗೆ ಈ ವಿದ್ಯೆ ಹೇಗೆ ಗೊತ್ತಪ್ಪಾ ಎಂದು ಕೇಳುವವರಿದ್ದರು. ಇದನ್ನು ನೆನೆದಾಗಲೆಲ್ಲ ಅವಳಿಗೆ ಬೆಸುಗೆ ಹಾಕುತ್ತಲೇ ನಗು ಬರುತ್ತಿತ್ತು.

ಆ ದಿನ ಬೆಳಗ್ಗೆ ಹತ್ತು ಗಂಟೆಗೆ ತಗಡಿನ ಮಾಡು ಆಗಲೇ ಕಾದಿತ್ತು. ಮ್ಯಾನೇಜರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಗಡಿಯಾರ ನೋಡಿಕೊಂಡರು. ಚೀಲ ಹೊತ್ತು ಬಂದಿದ್ದ ಅಕ್ಕ ಬಾಗಿಲ ಹತ್ತಿರ ನಿಂತಳು. ಭಾವ ಬೋರಲು ಹಾಕಿದ ಕ್ರೇಟಿನ ಮೇಲೆ ಕೂತು ಗಾಗಲ್ಸ್ ಎಳೆದುಕೊಂಡ. “ಮೆಕ್ಯಾನಿಕಮ್ಮ, ಇವತ್ತಾದ್ರೂ ನೆಟ್ಟಗೆ ಹಾರಿಸು ಮಾರಾಯ್ತಿ, ನಮ್ಮ ಮನೆ ಮರ್ಯಾದೆ!” ಎಂದ. ಅವನ ಡ್ರೋನು ಜೇನುಹುಳದ ಸದ್ದು ಮಾಡುತ್ತಾ ಮೇಲೇರಿತು. ಮೊದಲ ತೊಲೆ ದಾಟಿತು, ಎರಡನೆಯದನ್ನೂ ದಾಟಿತು. ಮ್ಯಾನೇಜರು ತಲೆಯಾಡಿಸಿದರು.

ತಂಗಿ ಮೂಟೆಗಳ ಅಟ್ಟಿಯ ಮರೆಗೆ ಸರಿದಳು. ಅಲ್ಲಿಂದ ಭಾವನಿಗೆ ಹತ್ತು ಹೆಜ್ಜೆ. ಎಡಗೈಯಲ್ಲಿ ಡ್ರೋನು, ಅದರ ಮೂತಿ ಅವನ ಕಡೆಗೆ, ಬಲಗೈಯಲ್ಲಿ ಬ್ಯಾಟರಿ. ಇಷ್ಟು ದಿನ ಕೂಗಿದ ಬಾಯಿ ತಾನಾಗಿಯೇ ತೆರೆದುಕೊಂಡಿತು. ತುಟಿ ಕಚ್ಚಿ ಹಿಡಿದು ಬ್ಯಾಟರಿ ಸಿಕ್ಕಿಸಿದಳು. ಡ್ರೋನು ಪೀಂ ಎಂದಿತು, ಅವನದರ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಒಂದು, ಎರಡು. ಮೇಲೆ ಅವನ ಡ್ರೋನು ಕುಡಿದವನಂತೆ ಓಲಾಡಿತು, ಮೂರನೇ ತೊಲೆಗೆ ಧಡ್ ಎಂದು ಬಡಿಯಿತು, ರೆಕ್ಕೆ ಒಂದು ಕಡೆ, ಮೈ ಒಂದು ಕಡೆ ಆಗಿ ಕೆಳಗೆ ಬಿತ್ತು.

ಆಹಾ! ಎಂಥಾ ಸುಖ ಅದು. ತಂಗಿಯ ಮೈಯೆಲ್ಲಾ ಜುಂ ಎಂದಿತು. ಅನುಭವಿಸು ಮಗನೇ, ಅಂದುಕೊಂಡಳು.

“ಏನ್ರೀ ಇದು?” ಮ್ಯಾನೇಜರು ಎದ್ದು ನಿಂತರು.

ಭಾವ ಗಾಗಲ್ಸ್ ಹಣೆಗೇರಿಸಿ ಕಣ್ಣು ಪಿಳಿಪಿಳಿ ಬಿಟ್ಟ. ಅವನ ಮುಖದಲ್ಲಿ ಕಳ್ಳತನವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. “ಗೊತ್ತಾಗ್ಲಿಲ್ಲ ಸಾರ್. ತೊಲೆ ಕಾಣ್ತಾ ಇತ್ತು, ಇದ್ದಕ್ಕಿದ್ದಂಗೆ ನಾನೇ ಕಾಣಿಸ್ದೆ! ದೇವರಾಣೆ ಸಾರ್. ಇದೇ ಕ್ರೇಟಿನ ಮೇಲೆ ಕೂತಿದೀನಿ, ಎರಡೂ ಕೈಲಿ ರಿಮೋಟು ಹಿಡ್ಕೊಂಡಿದೀನಿ. ನನ್ನನ್ನ ನಾನೇ ದೂರದಿಂದ ನೋಡ್ದಂಗೆ!”

ಮ್ಯಾನೇಜರು ನಕ್ಕುಬಿಟ್ಟರು. ತಂಗಿಯೂ ನಗುವುದರಲ್ಲಿದ್ದಳು, ಕೈಯಲ್ಲಿದ್ದ ಡ್ರೋನಿನ ಮೂತಿಯ ಮೇಲೆ ಕಣ್ಣು ಬಿತ್ತು.

ಕೂತವನನ್ನು ಕಂಡದ್ದು ಅವಳ ಕೈಯಲ್ಲಿದ್ದ ಕ್ಯಾಮೆರಾ. ಬ್ಯಾಟರಿ ಸಿಕ್ಕಿಸಿದ ಅವಳು ಆ ಚಿತ್ರದಲ್ಲಿ ಎಲ್ಲೂ ಇಲ್ಲ. ಹನ್ನೊಂದು ಸಲ ನೋಡಿದ ಆ ಮೂರು ಸೆಕೆಂಡು ಕಣ್ಣ ಮುಂದೆ ಬಂತು. ಭಾವ ನಿಂತಿದ್ದಾನೆ, ಎರಡೂ ಕೈ ಜೇಬಿನಲ್ಲಿವೆ. ಜೇಬಿನಲ್ಲಿ ಕೈ ಇಟ್ಟುಕೊಂಡವನು ಹತ್ತು ಹೆಜ್ಜೆ ದೂರದ ಡ್ರೋನಿಗೆ ಬ್ಯಾಟರಿ ಹೇಗೆ ಹಾಕುತ್ತಾನೆ? ಅಯ್ಯೋ ದಡ್ಡಿ, ಹನ್ನೊಂದು ಸಲ ಅವನ ಹಲ್ಲು ಒಂದೇ ನೋಡಿದೆಯಲ್ಲೇ! ಅವತ್ತು ಆ ಡ್ರೋನು ಇದ್ದದ್ದು ಚೀಲದಲ್ಲಿ. ಚೀಲ ಇದ್ದದ್ದು ಒಬ್ಬರ ಹೆಗಲಲ್ಲಿ.

ಪಕ್ಕದಲ್ಲಿ ಹೆಜ್ಜೆ ಸದ್ದಾಯಿತು. ಅಕ್ಕ ಮೂಟೆಗಳ ಸಂದಿಗೆ ಬಂದಿದ್ದಳು. ತಂಗಿಯ ಮುಖ ನೋಡಲಿಲ್ಲ. ಅವಳ ಕೈಯಲ್ಲಿ ಇನ್ನೂ ಕೆಂಪು ದೀಪ ಉರಿಯುತ್ತಿದ್ದ ಡ್ರೋನಿನ ಕಡೆಗೆ ಕೈ ಚಾಚಿದಳು. ಹೊಸಬರು ಆ ಬಿಗಿ ಪ್ಲಗ್ಗಿನ ಜೊತೆ ಐದು ನಿಮಿಷ ಗುದ್ದಾಡುತ್ತಾರೆ. ಅಕ್ಕ ಎರಡು ಬೆರಳಲ್ಲಿ ಹಿಡಿದು ಸ್ವಲ್ಪ ಅಲ್ಲಾಡಿಸಿ ಒಂದೇ ಎಳೆತಕ್ಕೆ ಕಿತ್ತಳು. ದೀಪ ಆರಿತು.

“ತೆಗೆದಿಡು. ಮ್ಯಾನೇಜರು ಈ ಕಡೆ ಬರ್ತಿದಾರೆ” ಎಂದಳು ಮೆಲ್ಲಗೆ. ಬ್ಯಾಟರಿಯನ್ನು ತಂಗಿಯ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. “ಅವತ್ತು ನಾನೂ ಕೂಗಲಿಲ್ಲ.”

“ಅಕ್ಕಾ...”

“ಮನೇಲಿ ಆರು ತಿಂಗಳಿಂದ ಕೂತಿದಾರೆ ಕಣೆ. ನಗ್ತಾರೆ, ನಗ್ತಾರೆ, ರಾತ್ರಿಯೆಲ್ಲ ಎದ್ದು ಕೂತಿರ್ತಾರೆ. ನಿನಗಾದ್ರೆ ಬೆಂಚಿದೆ ಅಂದ್ಕೊಂಡೆ.” ಅಷ್ಟು ಹೇಳಿ ಅವಳು ಗಂಡನ ಕಡೆಗೆ ನಡೆದಳು.

ಭಾವ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ರೆಕ್ಕೆಯ ಚೂರು ಹುಡುಕುತ್ತಿದ್ದ. ತಂಗಿಯನ್ನು ಕಂಡು ಕೈಯೆತ್ತಿದ. “ಆ ಮೂರನೇ ತೊಲೆ ಹತ್ರ ಹುಷಾರಮ್ಮ! ನಿಂದೂ ಅಲ್ಲೇ ಅಲ್ವಾ ಬಿದ್ದಿದ್ದು? ಅಲ್ಲೇನೋ ಇದೆ. ಪಾಪ, ಅವತ್ತು ಮನೇಲಿ ಮಾಡಿದ್ದು ಅಂದ್ರೆ ಹಾಗೇ ಅಂದ್ಬಿಟ್ಟೆ ನಾನು.”

“ನಿಮ್ಮ ಸರದಿ. ಬೇಗ ಆಗ್ಲಿ” ಎಂದರು ಮ್ಯಾನೇಜರು.

ತಂಗಿ ಡ್ರೋನನ್ನು ನೆಲಕ್ಕಿಟ್ಟಳು. ಬ್ಯಾಟರಿ ಹಾಕ್ತಿದೀನಿ ಎಂದು ಕೂಗಿದಳು. “ಹಾಕು, ಹಾಕು!” ಎಂದ ಭಾವ ದೊಡ್ಡದಾಗಿ. ಅವಳು ಸಿಕ್ಕಿಸಿ ಬಂದು ಕ್ರೇಟಿನ ಮೇಲೆ ಕೂತಳು, ಗಾಗಲ್ಸ್ ಕೈಗೆ ತೆಗೆದುಕೊಂಡಳು. ಕಣ್ಣಿಗೆ ಎಳೆದುಕೊಳ್ಳುವ ಮೊದಲು ಒಮ್ಮೆ ತಿರುಗಿ, ಅಕ್ಕನ ಎರಡೂ ಕೈ ಎಲ್ಲಿವೆ ಎಂದು ನೋಡಿಕೊಂಡಳು.